ಮಲ್ಲಯ್ಯನ ಕಾಡುದಾರಿ: ಬುತ್ತಿ ಕಟ್ಟುವ ಮೊದಲು

ಮಹಾಶಿವರಾತ್ರಿ ಮುಗಿಯುತ್ತಿದ್ದಂತೆಯೇ ಹೋಟಗಿ, ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರದ ಕನ್ನಡ ಮನೆಗಳಲ್ಲಿ ಶ್ರೀಶೈಲದ ಮಾತು ಆರಂಭವಾಗುತ್ತದೆ. ಯುಗಾದಿಗೆ ಮಲ್ಲಿಕಾರ್ಜುನನ ದರ್ಶನ ಪಡೆಯಲು ಕಾಲ್ನಡಿಗೆಯಲ್ಲಿ ಹೋಗುವ ಸಂಪ್ರದಾಯ ಉತ್ತರ ಕರ್ನಾಟಕದಲ್ಲಿರುವಂತೆ ಈ ಸೀಮೆಯಲ್ಲಿಯೂ ಬಹು ಹಿಂದಿನಿಂದ ನಡೆದು ಬಂದಿದೆ. ಹೊರಡುವ ಗುಂಪುಗಳಲ್ಲಿ ಕಂಬಿ ಹೊರುವ ಹಿರಿಯರಿರುತ್ತಾರೆ, ಹರಕೆ ಹೊತ್ತ ಹೆಣ್ಣುಮಕ್ಕಳಿರುತ್ತಾರೆ. ಅವರ ಜೊತೆಗೆ ಶಾಲೆಗೆ ಹೋಗುವ ಮಕ್ಕಳೂ ಇರುತ್ತಾರೆ. ನಾನೂರು ಕಿಲೋಮೀಟರಿಗೂ ಮಿಕ್ಕ ಈ ಹಾದಿಯ ಬಹುಭಾಗ ಊರುಕೇರಿಗಳ ನಡುವೆ, ಡಾಂಬರು ರಸ್ತೆಯ ಮೇಲೆ ಸಾಗುತ್ತದೆ. ದಾರಿಯುದ್ದಕ್ಕೂ ದಾಸೋಹವಿದೆ, ನೆರಳಿದೆ, ಕರೆದರೆ ಓಗೊಡುವ ಜನರಿದ್ದಾರೆ. ಕೊನೆಯ ಎರಡು ದಿನಗಳ ನಡಿಗೆ ಮಾತ್ರ ಬೇರೆಯದೇ ಆಗಿದೆ.

ಕರ್ನೂಲು ದಾಟಿ ಆತ್ಮಕೂರಿಗೆ ಬಂದ ಮೇಲೆ ವೆಂಕಟಾಪುರದ ಬಳಿ ಹಳೆಯ ಕಾಲುದಾರಿ ನಲ್ಲಮಲ ಕಾಡನ್ನು ಹೊಗುತ್ತದೆ. ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಮಠಂಬಾವಿ, ಭೀಮನಕೊಳ್ಳ, ಕೈಲಾಸದ್ವಾರ. ಇವು ಆ ದಾರಿಯ ತಂಗುದಾಣಗಳು. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮನು ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ದಾರಿ ಅಷ್ಟು ಹಳೆಯದು. ಆದರೆ ಅದು ಹಾದುಹೋಗುವ ಕಾಡು ಇಂದು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶ. 1983ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಪ್ರದೇಶದ ವಿಸ್ತೀರ್ಣ 3,700 ಚದರ ಕಿಲೋಮೀಟರಿಗಿಂತ ಹೆಚ್ಚು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದೇ ಅತಿ ದೊಡ್ಡದು. ಹುಲಿ, ಚಿರತೆ, ಕರಡಿಗಳು ಅಲ್ಲಿ ಕಥೆಯ ಪ್ರಾಣಿಗಳಲ್ಲ.

ಈ ಕಾಲುದಾರಿ ವರ್ಷವಿಡೀ ತೆರೆದಿರುವುದಿಲ್ಲ. ಮಹಾಶಿವರಾತ್ರಿ ಮತ್ತು ಯುಗಾದಿಯ ಸಂದರ್ಭದಲ್ಲಿ, ಗೊತ್ತುಪಡಿಸಿದ ದಿನಗಳ ಮಟ್ಟಿಗೆ ಅರಣ್ಯ ಇಲಾಖೆ ಯಾತ್ರಿಕರನ್ನು ಒಳಗೆ ಬಿಡುತ್ತದೆ. ಇಲ್ಲಿ ಯಾತ್ರಿಕರು ಮನಗಾಣಬೇಕಾದ ಒಂದು ಭೇದವಿದೆ. ಕಾನೂನಿನಲ್ಲಿ ಹಕ್ಕು ಬೇರೆ, ಪರವಾನಗಿ ಬೇರೆ. ತನ್ನ ಹೊಲದ ಬದುವಿನ ಮೇಲೆ ನಡೆಯುವವನು ಹಕ್ಕಿನಿಂದ ನಡೆಯುತ್ತಾನೆ; ಮತ್ತೊಬ್ಬರ ಹೊಲದಲ್ಲಿ ಕೇಳಿ ಕಾಲಿಟ್ಟವನು ಪರವಾನಗಿಯಿಂದ ನಡೆಯುತ್ತಾನೆ. ಪರವಾನಗಿಗೆ ಷರತ್ತುಗಳಿರುತ್ತವೆ, ಷರತ್ತು ಮುರಿದರೆ ಅದನ್ನು ಹಿಂದಕ್ಕೆ ಪಡೆಯಬಹುದು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 27ನೆಯ ಕಲಮು ಅಭಯಾರಣ್ಯದ ಪ್ರವೇಶವನ್ನು ನಿರ್ಬಂಧಿಸುತ್ತದೆ. 28ನೆಯ ಕಲಮು ಅನುಮತಿಯ ವಿಷಯವನ್ನು ಹೇಳುತ್ತದೆ. ಅಜ್ಜನ ಅಜ್ಜ ನಡೆದ ದಾರಿಯೆಂಬ ಮಾತು ಮನಸ್ಸಿಗೆ ಬಲ ಕೊಡುತ್ತದೆ, ನಿಜ. ಮೊಮ್ಮಕ್ಕಳೂ ಆ ದಾರಿಯಲ್ಲಿ ನಡೆಯಬೇಕಾದರೆ ಇಂದು ನಡೆಯುವವರು ಅತಿಥಿಗಳಂತೆ ನಡೆದುಕೊಳ್ಳಬೇಕು. ಅತಿಥಿಯ ನಡತೆ ಕಾಡಿನ ಬಾಗಿಲಲ್ಲಿ ಆರಂಭವಾಗುವುದಿಲ್ಲ. ಮನೆಯಲ್ಲಿ ಬುತ್ತಿ ಕಟ್ಟುವ ಮೊದಲೇ ಆರಂಭವಾಗುತ್ತದೆ.

ಸೋಲಾಪುರದ ಕನ್ನಡ ಮಕ್ಕಳಿಗೆ ಈ ದಾರಿಯ ಮೊದಲ ಕಥೆ ಗೊತ್ತೇ ಇದೆ. ರಾಘವಾಂಕನು ಕಾವ್ಯವಾಗಿಸಿದ ಸಿದ್ಧರಾಮನ ಚರಿತ್ರೆಯಲ್ಲಿ, ದನ ಕಾಯುತ್ತಿದ್ದ ಸೊನ್ನಲಿಗೆಯ ಬಾಲಕನು ಕಣ್ಮರೆಯಾದ ಮಲ್ಲಯ್ಯನನ್ನು ಹುಡುಕುತ್ತ ಯಾತ್ರಿಕರ ಹಿಂದೆ ಶ್ರೀಶೈಲಕ್ಕೆ ಹೋಗುತ್ತಾನೆ. ಅಲ್ಲಿ ಒಬ್ಬನೇ ಬೆಟ್ಟ ಅಲೆದು ಕೊನೆಗೆ ಕೊಳ್ಳದ ಅಂಚಿಗೆ ಬಂದು ನಿಲ್ಲುತ್ತಾನೆ. ಆಗ ಮಲ್ಲಯ್ಯನು ಪ್ರತ್ಯಕ್ಷನಾಗಿ ಅವನನ್ನು ಕಾಪಾಡುತ್ತಾನೆ. ಭಕ್ತಿಯ ದೃಷ್ಟಿಯಿಂದ ಇದು ಮಹಾಪ್ರಸಂಗ. ಪಾಲಕರ ದೃಷ್ಟಿಯಿಂದ ನೋಡಿದರೆ, ಗುಂಪಿನಿಂದ ಬೇರ್ಪಟ್ಟ ಒಬ್ಬ ಹುಡುಗನು ಪ್ರಪಾತದ ಅಂಚಿನಲ್ಲಿ ನಿಂತಿದ್ದ ಪ್ರಸಂಗವೂ ಹೌದು. ಅಂಥ ಅಂಚುಗಳು ಭೀಮನಕೊಳ್ಳದಲ್ಲಿ ಇಂದಿಗೂ ಇವೆ. ಇಳಿಯುವಾಗ ಕಡಿದಾದ ಮೆಟ್ಟಿಲು, ಏರುವಾಗ ಅಷ್ಟೇ ಕಡಿದಾದ ಏರು. ಅಲ್ಲಿ ಮಗುವಿನ ಕೈ ಹಿಡಿಯುವವರು ಯಾರೆಂಬುದನ್ನು ಹೆಸರು ಹಿಡಿದು ಊರಲ್ಲೇ ನಿಶ್ಚಯಿಸಬೇಕು.

ಆದ್ದರಿಂದ ಯೋಜನೆಯ ಮೊದಲ ಕೆಲಸ ಯಾದಿ. ಗುಂಪಿನ ಪ್ರತಿಯೊಬ್ಬರ ಹೆಸರು, ವಯಸ್ಸು, ಊರಲ್ಲಿರುವವರ ಫೋನ್ ಸಂಖ್ಯೆ, ಕಾಯಿಲೆ, ತೆಗೆದುಕೊಳ್ಳುವ ಔಷಧ. ಇಷ್ಟನ್ನು ಬರೆದು ಒಂದು ಪ್ರತಿಯನ್ನು ಮುಂದಾಳಿನ ಬಳಿ, ಇನ್ನೊಂದನ್ನು ಊರಿನ ಒಬ್ಬ ಹೊಣೆಗಾರರ ಬಳಿ ಇಡಬೇಕು. ಯಾವ ದಿನ ಕಾಡು ಹೊಗುವುದು, ಯಾವ ದಿನ ಕೈಲಾಸದ್ವಾರ ತಲುಪುವುದು, ಎಷ್ಟು ಹೊತ್ತಿನವರೆಗೆ ಸುದ್ದಿ ಬಾರದಿದ್ದರೆ ವಿಚಾರಿಸಬೇಕು ಎಂಬುದೂ ಆ ಕಾಗದದಲ್ಲಿರಬೇಕು. ಕಾಡಿನೊಳಗೆ ಮೊಬೈಲ್ ಸದಾ ಕೆಲಸಕ್ಕೆ ಬರುತ್ತದೆಂಬ ನಂಬಿಕೆ ಬೇಡ. ನಡೆಯುವಾಗ ದಾರಿ ಬಲ್ಲ ಒಬ್ಬರು ಎಲ್ಲರಿಗಿಂತ ಮುಂದೆ, ಗಟ್ಟಿಗರಾದ ಒಬ್ಬರು ಎಲ್ಲರಿಗಿಂತ ಹಿಂದೆ ಇರಬೇಕು. ಹಿಂದಿನವರನ್ನು ದಾಟಿ ಯಾರೂ ಹಿಂದುಳಿಯಬಾರದು. ಪ್ರತಿಯೊಂದು ತಂಗುದಾಣದಲ್ಲಿ ತಲೆ ಎಣಿಸಬೇಕು. ಮಗುವಿನ ಅಂಗಿಯ ಒಳಜೇಬಿನಲ್ಲಿ ಹೆಸರು, ಊರು, ಎರಡು ಫೋನ್ ಸಂಖ್ಯೆಗಳನ್ನು ಬರೆದ ಚೀಟಿ ಇರಬೇಕು. ಬೆವರಿಗೆ ಅಳಿಸಿ ಹೋಗದಂತೆ ಅದನ್ನು ಚಿಕ್ಕ ಚೀಲದಲ್ಲಿ ಹೊಲಿದರೆ ಒಳ್ಳೆಯದು.

ನೆರೆಮನೆಯ ಮಗುವನ್ನು ಜೊತೆಗೆ ಕರೆದೊಯ್ಯುವವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. 1995ರ ಮೇ 28ರಂದು ಶಾಲೆಯ ವನಭೋಜನಕ್ಕೆ ಹೋಗಿದ್ದ ಹದಿನಾಲ್ಕು ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು. ಎಂ. ಎಸ್. ಗ್ರೇವಾಲ್ ವಿರುದ್ಧ ದೀಪ್ ಚಂದ್ ಸೂದ್ ಎಂಬ ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ತೀರ್ಪು ನೀಡಿ, ಪ್ರತಿ ಮಗುವಿನ ಪಾಲಕರಿಗೆ ಐದು ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಮಕ್ಕಳನ್ನು ಹೊರಗೆ ಕರೆದೊಯ್ದವರು ಅವರ ಬಗ್ಗೆ ಎಚ್ಚರ ವಹಿಸುವ ಹೊಣೆಯನ್ನೂ ಹೊರುತ್ತಾರೆ ಎಂಬುದು ಆ ತೀರ್ಪಿನ ಸಾರ. ಆ ಪ್ರಕರಣ ಶಾಲೆಯದಾದರೂ ಎಚ್ಚರದ ಹೊಣೆಯೆಂಬ ತತ್ವ ಶಾಲೆಯ ಗೋಡೆಯೊಳಗೆ ನಿಲ್ಲುವುದಿಲ್ಲ. ಮಗುವನ್ನು ಒಪ್ಪಿಸುವ ಪಾಲಕರು ಒಪ್ಪಿಗೆಯನ್ನು ಬರೆದು ಕೊಡಬೇಕು. ಒಪ್ಪಿಸಿಕೊಳ್ಳುವವರು ಅದರ ಭಾರವನ್ನು ಅರಿತು ಒಪ್ಪಬೇಕು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರೆಂಬ ಲೆಕ್ಕ ಕಾಡಿನಲ್ಲಿ ನಡೆಯದು. ಇಬ್ಬರು ಮೂವರು ಮಕ್ಕಳಿಗೆ ಒಬ್ಬರಂತೆ ಇರಬೇಕು.

ಮಕ್ಕಳು ಪೂರ್ತಿ ದೂರ ನಡೆಯಲೇಬೇಕೆಂಬುದೇನೂ ಇಲ್ಲ. ಯುಗಾದಿಯ ಹೊತ್ತಿಗೆ ಪರೀಕ್ಷೆಗಳ ಕಾಲವೂ ಕೂಡಿ ಬರುತ್ತದೆ. ಎರಡು ವಾರ ಶಾಲೆ ತಪ್ಪಿಸುವ ಬದಲು, ಆತ್ಮಕೂರಿನವರೆಗೆ ವಾಹನದಲ್ಲಿ ಹೋಗಿ ಅಲ್ಲಿ ದೊಡ್ಡವರ ಗುಂಪನ್ನು ಕೂಡಿಕೊಳ್ಳಬಹುದು. ಹಾಗೆ ಬರುವ ಮಕ್ಕಳ ಕಾಲು ಮಾತ್ರ ಪಳಗಿರುವುದಿಲ್ಲ. ಅದಕ್ಕಾಗಿ ಎರಡು ತಿಂಗಳ ಮೊದಲೇ ಅಭ್ಯಾಸ ಬೇಕು. ಮೊದಲ ಭಾನುವಾರಗಳಲ್ಲಿ ಹೋಟಗಿಯ ಕೆರೆಯವರೆಗೆ ಹೋಗಿ ಬಂದರೆ ಸಾಕು. ಬೆಳ್ಳಕ್ಕಿಗಳನ್ನು ನೋಡಿದಂತೆಯೂ ಆಗುತ್ತದೆ. ಮುಂದೆ ಒಂದು ದಿನ ಹೋಟಗಿಯಿಂದ ಸೋಲಾಪುರದ ಸಿದ್ಧೇಶ್ವರ ಗುಡಿಯವರೆಗೆ, ಸುಮಾರು ಹದಿನೈದು ಕಿಲೋಮೀಟರು, ಬೆನ್ನಿಗೆ ಚೀಲ ಹಾಕಿಕೊಂಡೇ ನಡೆಯಬೇಕು. ಯಾರ ಚಪ್ಪಲಿ ಕಚ್ಚುತ್ತದೆ, ಯಾರ ಚೀಲ ಭಾರವಾಯಿತು, ಯಾರು ಬೇಗ ದಣಿಯುತ್ತಾರೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಮಗುವಿನ ಚೀಲ ಅದರ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಯಾತ್ರೆಗೆಂದು ಹೊಸ ಬೂಟು ಕೊಂಡು ಕಾಡಿನಲ್ಲಿ ಮೊದಲ ಬಾರಿ ಹಾಕಿಕೊಂಡರೆ ಮೊದಲ ದಿನವೇ ಗುಳ್ಳೆಗಳೇಳುತ್ತವೆ. ಬರಿಗಾಲಿನ ಹರಕೆ ದೊಡ್ಡವರ ಸ್ವಂತ ವಿಚಾರ; ಅದನ್ನು ಮಕ್ಕಳ ಮೇಲೆ ಹೊರಿಸುವುದು ಸರಿಯಲ್ಲ.

ಈ ಕಾಲದಲ್ಲಿ ಹುಲಿಗಿಂತ ಹೆಚ್ಚಾಗಿ ಅಂಜಬೇಕಾದದ್ದು ಬಿಸಿಲಿಗೆ. ಮಾರ್ಚ್ ಕೊನೆಯ ಹೊತ್ತಿಗೆ ನಲ್ಲಮಲದ ಮರಗಳು ಎಲೆ ಉದುರಿಸಿ ನಿಂತಿರುತ್ತವೆ. ಕಾಡೆಂದ ಮೇಲೆ ನೆರಳಿರುತ್ತದೆ ಎಂಬ ಎಣಿಕೆ ಸುಳ್ಳಾಗುತ್ತದೆ. ನಸುಕು ಹರಿದು ಬೆಳಕಾದ ಮೇಲೆ ಹೊರಟು ಹತ್ತು ಗಂಟೆಯೊಳಗೆ ಮೊದಲ ಪಾಳಿಯ ನಡಿಗೆ ಮುಗಿಸಬೇಕು; ಇಳಿಹೊತ್ತಿನಲ್ಲಿ ಮತ್ತೆ ನಡೆದು ಕತ್ತಲಾಗುವ ಮೊದಲು ತಂಗಬೇಕು. ನಡೆಯುವ ಪ್ರತಿ ತಾಸಿಗೆ ಅರ್ಧ ಲೀಟರಾದರೂ ನೀರು ಬೇಕು. ದಿನಕ್ಕೆ ನಾಲ್ಕೈದು ಲೀಟರು. ಬಾಯಾರಿದ ಮೇಲೆ ಕುಡಿಯುವುದಲ್ಲ, ಬಾಯಾರುವ ಮೊದಲೇ ಗುಟುಕು ಗುಟುಕಾಗಿ ಕುಡಿಯಬೇಕು. ಕೆರೆಕುಂಟೆಗಳ ನೀರನ್ನು ಶುದ್ಧಗೊಳಿಸದೆ ಕುಡಿಯಬಾರದು. ಕ್ಲೋರಿನ್ ಗುಳಿಗೆಗಳು ಔಷಧದ ಅಂಗಡಿಯಲ್ಲಿ ದೊರೆಯುತ್ತವೆ. ಒಂದು ಲೀಟರು ಶುದ್ಧ ನೀರಿಗೆ ಸಮಮಟ್ಟದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ನಿರ್ಜಲತೆಗೆ ಪಾನಕ ಸಿದ್ಧ. ಮಗು ತೊದಲತೊಡಗಿದರೆ, ತಬ್ಬಿಬ್ಬಾದರೆ, ಮೈ ಕಾದ ಹಂಚಿನಂತಾದರೆ ಅದು ಬರಿಯ ದಣಿವಲ್ಲ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈಯೊರೆಸಿ ಗಾಳಿ ಹಾಕುತ್ತ ವೈದ್ಯರ ನೆರವು ಕರೆಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಇನ್ನು ಬುತ್ತಿಯ ವಿಚಾರ. ಗುಡ್ಡ ಹತ್ತುವವರಿಗೆಂದು ಇಂದು ಪೇಟೆಯಲ್ಲಿ ಬಗೆಬಗೆಯ ಪೊಟ್ಟಣಗಳು ದೊರೆಯುತ್ತವೆ. ಸೋಲಾಪುರದ ಮನೆಗಳಿಗೆ ಅವುಗಳ ಅಗತ್ಯವಿಲ್ಲ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹುರಿಗಡಲೆ, ಬೆಲ್ಲ, ಶೇಂಗಾ ಹೋಳಿಗೆ. ಇವು ದಿನಗಟ್ಟಲೆ ಕೆಡುವುದಿಲ್ಲ, ಹಗುರವಾಗಿರುತ್ತವೆ, ಬೆಂಕಿ ಕೇಳುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ತಂದ ಬುತ್ತಿ ಮುಗಿದ ಮೇಲೆ ಉಳಿಯುವುದು ಮಡಚಿ ಚೀಲದಲ್ಲಿಡುವ ಆ ಬಟ್ಟೆಯೊಂದೇ. ಕಾಡಿಗೆ ಕಸ ಬೀಳದಂತೆ ಉಣ್ಣುವ ವಿದ್ಯೆಯನ್ನು ಈ ಸೀಮೆಯ ಅಜ್ಜಿಯರು ಎಂದೋ ಕಲಿತಿದ್ದಾರೆ. ಅದರ ಜೊತೆಗೆ ಪ್ರತಿಯೊಬ್ಬರ ಬಳಿಯೂ ಒಂದು ಸ್ಟೀಲಿನ ತಾಟು, ಒಂದು ಲೋಟ, ಒಂದು ನೀರಿನ ಕ್ಯಾನ್ ಇದ್ದರೆ ದಾಸೋಹದ ಪ್ರಸಾದವನ್ನೂ ಅದರಲ್ಲೇ ಪಡೆಯಬಹುದು. ದಾಸೋಹ ನಡೆಸುವ ದಾನಿಗಳಿಗೂ ಇಲ್ಲೊಂದು ವಿನಂತಿ ಸಲ್ಲುತ್ತದೆ: ನೀರಿನ ಪ್ಲಾಸ್ಟಿಕ್ ಪೊಟ್ಟಣಗಳನ್ನು ಹಂಚುವ ಬದಲು ನಲ್ಲಿಯಿರುವ ಡ್ರಮ್ಮುಗಳನ್ನು ಇಟ್ಟರೆ ಪುಣ್ಯವೇನೂ ಕಡಿಮೆಯಾಗದು. ಪ್ಲಾಸ್ಟಿಕ್ಕಿನ ತಾಟು, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ. ಅನ್ನದ ವಾಸನೆ ಹಿಡಿದ ಪ್ಲಾಸ್ಟಿಕ್ಕನ್ನು ಜಿಂಕೆ, ಕಡವೆಗಳು ನುಂಗುತ್ತವೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ.

ಬೆಂಕಿ ಬೇಡದ ಬುತ್ತಿಗೆ ಇನ್ನೊಂದು ಗುಣವಿದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟಗಳಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ತಿಂಗಳನ್ನು ಗಮನಿಸಬೇಕು: ಶ್ರೀಶೈಲದ ನಡಿಗೆ ನಡೆಯುವುದೂ ಅದೇ ಮಾರ್ಚಿನಲ್ಲಿ, ಅಂಥದೇ ಒಣ ಹುಲ್ಲು, ತರಗೆಲೆ, ಬಿದಿರಿನ ನಡುವೆ. ಅಭಯಾರಣ್ಯದಲ್ಲಿ ಬೆಂಕಿಯಿಡುವುದನ್ನು, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು ಹಾಗೂ ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದನ್ನು 1972ರ ಅಧಿನಿಯಮದ 30ನೆಯ ಕಲಮು ನಿಷೇಧಿಸುತ್ತದೆ; ಹುಲಿ ಸಂರಕ್ಷಿತ ಪ್ರದೇಶಕ್ಕೂ ಅದು ಅನ್ವಯಿಸುತ್ತದೆ. ಒಲೆ ಹೂಡುವುದು ಮಾತ್ರವೇ ಬೆಂಕಿಯಲ್ಲ. ಮರದ ಬುಡದಲ್ಲಿ ಹಚ್ಚಿದ ಕರ್ಪೂರ, ಎಸೆದ ಬೀಡಿಯ ತುಂಡು, ಗಾಳಿಗೆ ಬಿಟ್ಟ ಊದುಬತ್ತಿ ಇವೂ ಬೆಂಕಿಯೇ. ಕರ್ಪೂರವನ್ನು ಗುಡಿಯ ಕಲ್ಲುಹಾಸಿನ ಮೇಲೆ ಹಚ್ಚಿ, ಅದು ಆರುವವರೆಗೆ ನಿಂತು ಹೋಗುವುದು ಭಕ್ತಿಗೂ ಶೋಭೆ, ಕಾಡಿಗೂ ಕ್ಷೇಮ.

ಕಸ ಎಸೆಯುವುದನ್ನೂ ಅದೇ ಅಧಿನಿಯಮದ 27(4)ನೆಯ ಉಪಕಲಮು ಪ್ರಾಣಿಗಳನ್ನು ಪೀಡಿಸುವುದರ ಜೊತೆಗೇ ಹೆಸರಿಸಿ ನಿಷೇಧಿಸಿದೆ. ಅಧಿನಿಯಮದ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷಗಳವರೆಗಿನ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ, ಅಥವಾ ಎರಡೂ ಉಂಟು. ಆದರೆ ದಂಡದ ಅಂಜಿಕೆಗಿಂತ ರೂಢಿ ದೊಡ್ಡದು. ಪ್ರತಿ ಕುಟುಂಬವೂ ಒಂದು ಖಾಲಿ ಚೀಲವನ್ನು ಕಸಕ್ಕೆಂದೇ ಒಯ್ದು, ಅದನ್ನು ತುಂಬಿಸಿಕೊಂಡು ಕಾಡಿನಿಂದ ಹೊರಗೆ ತರಬೇಕು. ಬಹಿರ್ದೆಸೆಗೆ ನೀರಿನ ನೆಲೆಯಿಂದ ಎಪ್ಪತ್ತು ಹೆಜ್ಜೆಯಾದರೂ ದೂರ ಹೋಗಿ, ಗೇಣುದ್ದದ ಕುಣಿ ತೋಡಿ ಮಣ್ಣು ಮುಚ್ಚಬೇಕು. ಗುಂಪಿಗೊಂದು ಚಿಕ್ಕ ಕುರುಪಿ ಸಾಕು. ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗದೆ ಜೊತೆಗೂಡಿ ಹೋಗಬೇಕು. ಸಾಬೂನು ಹಚ್ಚಿ ತೊಳೆಯುವುದನ್ನು ಕೆರೆಯೊಳಗೆ ಮಾಡದೆ, ನೀರು ತುಂಬಿ ತಂದು ದೂರದಲ್ಲಿ ಮಾಡಬೇಕು. ಬೇಸಿಗೆಯ ಕಾಡಿನಲ್ಲಿ ಒಂದು ಕುಂಟೆಯೆಂದರೆ ನೂರಾರು ಜೀವಿಗಳ ಕುಡಿಯುವ ನೀರು.

ಆ ನೀರಿಗೆ ಕರಡಿಯೂ ಬರುತ್ತದೆ. ನಸುಕು ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ ಮಕ್ಕಳನ್ನು ನೀರಿನ ದಂಡೆಗೆ ಒಂಟಿಯಾಗಿ ಕಳಿಸಬಾರದು. ದಾರಿ ಬಿಟ್ಟು ಪೊದೆಯೊಳಗೆ ಹೋಗಬಾರದು. ಮಂಗಗಳಿಗೆ ತಿನಿಸು ಹಾಕಬಾರದು. ತಂಗುವುದು ಗೊತ್ತುಪಡಿಸಿದ ಜಾಗದಲ್ಲಿಯೇ. ಒಣಗಿದ ಹಳ್ಳದ ಪಾತ್ರದಲ್ಲಿ, ಒಣ ಮರದ ಕೆಳಗೆ ಹಾಸಿಗೆ ಬೇಡ. ರಾತ್ರಿ ಬ್ಯಾಟರಿಯಿಲ್ಲದೆ ಹೆಜ್ಜೆಯಿಡಬಾರದು. ಬೆಳಿಗ್ಗೆ ಬೂಟನ್ನು ಜಾಡಿಸಿ ಹಾಕಿಕೊಳ್ಳಬೇಕು. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು ಇವೆಲ್ಲ ಹಾನಿಕರ. ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ, ಉಂಗುರ ಬಳೆ ತೆಗೆದು, ಹೊತ್ತುಕೊಂಡಾದರೂ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಮದ್ದು ಅಲ್ಲಿ ಮಾತ್ರ. ಆಂಬ್ಯುಲೆನ್ಸಿಗೆ 108, ಇತರ ತುರ್ತಿಗೆ 112 ಎಂಬ ಸಂಖ್ಯೆಗಳು ಮಕ್ಕಳಿಗೂ ಬಾಯಿಪಾಠವಾಗಿರಲಿ.

ನೆರವು ಕೇಳಲು ಭಾಷೆಯೂ ಬೇಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡಿ ಬೆಳೆಯುವ ಮಕ್ಕಳಿಗೆ ಮೂರನೆಯ ಭಾಷೆಯ ನಾಲ್ಕು ಮಾತು ಹೊರೆಯಲ್ಲ. ಸೋಲಾಪುರದ ನೇಕಾರ ಕೇರಿಗಳಲ್ಲಿ ತೆಲುಗು ಆಡುವ ಪದ್ಮಸಾಲಿ ಗೆಳೆಯರು ಬೇಕಾದಷ್ಟು ಇದ್ದಾರೆ. ನೀರಿಗೆ ನೀಳ್ಳು, ಹಾವಿಗೆ ಪಾಮು, ಬೆಂಕಿಗೆ ನಿಪ್ಪು, ಕರಡಿಗೆ ಎಲುಗುಬಂಟಿ. ದಾರಿ ಮಾತ್ರ ಎರಡೂ ಭಾಷೆಗಳಲ್ಲಿ ದಾರಿಯೇ. ಈ ಮಾತುಗಳು ಹೆಚ್ಚಾಗಿ ಉಪಯೋಗಕ್ಕೆ ಬರುವುದು ಚೆಂಚು ಜನರೊಡನೆ. ನಲ್ಲಮಲ ಅವರ ಮನೆ. ಮಲ್ಲಿಕಾರ್ಜುನನನ್ನು ಅವರು ತಮ್ಮ ಅಳಿಯನೆಂದು, ಚೆಂಚು ಮಲ್ಲಯ್ಯನೆಂದು ಭಾವಿಸುತ್ತಾರೆ. ಅವರ ಗುಡಿಸಲುಗಳ ಮುಂದೆ ಗದ್ದಲ ಮಾಡುವುದು, ಕೇಳದೆ ಫೋಟೊ ತೆಗೆಯುವುದು, ಅವರ ನೀರನ್ನು ಕೆಡಿಸುವುದು ಬೀಗರ ಮನೆಯಲ್ಲಿ ಅಗೌರವ ತೋರಿದಂತೆ. ದಾರಿಯ ವಿಷಯದಲ್ಲಿ ಚೆಂಚು ಹಿರಿಯರೊಬ್ಬರು ಬೇಡವೆಂದರೆ, ಮೊಬೈಲಿನ ನಕಾಶೆ ಏನೇ ತೋರಿಸಿದರೂ, ಅವರ ಮಾತೇ ನಡೆಯಬೇಕು.

ಕೊನೆಯದಾಗಿ ನದಿ. ಶ್ರೀಶೈಲ ತಲುಪಿದ ಸಂತೋಷದಲ್ಲಿ ಮಕ್ಕಳು ಪಾತಾಳಗಂಗೆಗೆ ಓಡುತ್ತಾರೆ. ಅಲ್ಲಿ ಕೃಷ್ಣೆ ಆಳ. ಬಯಲುಸೀಮೆಯ ಮಕ್ಕಳಲ್ಲಿ ಈಜು ಬಲ್ಲವರು ಕಡಿಮೆ. ಬಿಯಾಸ್ ದಂಡೆಯ ಆ ಹದಿನಾಲ್ಕು ಮಕ್ಕಳನ್ನು ನೆನೆದು, ಕಂಬಿ ಕಟ್ಟಿದ ಮೆಟ್ಟಿಲುಗಳಲ್ಲಿ ದೊಡ್ಡವರ ಕೈ ಹಿಡಿದೇ ಸ್ನಾನ ಮಾಡಿಸಬೇಕು.

ಇಷ್ಟೆಲ್ಲ ಸಿದ್ಧತೆಯ ನಂತರವೂ ಒಂದು ನಿರ್ಧಾರ ಉಳಿಯುತ್ತದೆ: ಎಲ್ಲಿ ನಿಲ್ಲಬೇಕೆಂಬುದು. ವೆಂಕಟಾಪುರ ತಲುಪುವಾಗ ಮಗುವಿಗೆ ಜ್ವರವಿದ್ದರೆ, ಅಜ್ಜಿಯ ಮೊಣಕಾಲು ಬಾತಿದ್ದರೆ, ಕಾಡಿನಲ್ಲಿ ಕಾಳ್ಗಿಚ್ಚಿನ ಸುದ್ದಿಯಿದ್ದರೆ, ಆತ್ಮಕೂರು ಮತ್ತು ದೋರ್ನಾಲದ ಮೂಲಕ ಶ್ರೀಶೈಲಕ್ಕೆ ರಸ್ತೆಯಿದೆ. ಬಸ್ಸಿನಲ್ಲಿ ಹೋದವರಿಗೂ ದರ್ಶನ ಅದೇ. ಇದನ್ನು ಕಾಡಿನ ಬಾಗಿಲಲ್ಲಿ ನಿಂತು ವಾದಿಸಿದರೆ ಉತ್ಸಾಹವೇ ಗೆಲ್ಲುತ್ತದೆ; ಊರಲ್ಲಿ ಶಾಂತವಾಗಿ ಕುಳಿತು ಮೊದಲೇ ನಿಶ್ಚಯಿಸಿಕೊಂಡಿದ್ದರೆ ವಿವೇಕ ಗೆಲ್ಲುತ್ತದೆ. ಹೊರಡುವ ಎರಡು ವಾರ ಮೊದಲು ಗುಂಪಿನವರೆಲ್ಲ, ಮಕ್ಕಳ ಸಮೇತ, ಒಂದು ಸಂಜೆ ಗುಡಿಯ ಕಟ್ಟೆಯ ಮೇಲೆ ಕೂಡಬೇಕು. ಯಾದಿ ಓದಬೇಕು, ಮುಂದಿನವರು ಯಾರು ಹಿಂದಿನವರು ಯಾರು ಎಂದು ಹೇಳಬೇಕು, ಆ ವರ್ಷ ದಾರಿ ತೆರೆಯುವ ದಿನಗಳನ್ನು ವಿಚಾರಿಸಿ ತಿಳಿಸಬೇಕು, ಹಿಂದಿರುಗುವ ಷರತ್ತುಗಳನ್ನು ಎಲ್ಲರೂ ಒಪ್ಪಬೇಕು. ಮಕ್ಕಳ ಪ್ರಶ್ನೆಗಳನ್ನು ಮೊದಲು ಕೇಳಬೇಕು. ಎಷ್ಟೋ ಸಲ ದೊಡ್ಡವರು ಮರೆತದ್ದು ಅವರಿಗೆ ಹೊಳೆಯುತ್ತದೆ. ಬುತ್ತಿಯ ಬಟ್ಟೆ ಒಗೆದು ಒಣಹಾಕುವ ಕೆಲಸ ಆ ಸಭೆ ಮುಗಿದ ಮೇಲೆ.